ವ್ಯಾಪಾರ ಮಂದವಾದಾಗ ಫ್ರೀಲ್ಯಾನ್ಸ್ ಡಿಸೈನರ್‌ಗೆ ಯಾವ ಕಾನೂನಿನ ಆಸರೆ?

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಆ ಸುದ್ದಿಯಲ್ಲಿ ಎದ್ದು ಕಂಡ ಮಾತು, ಗಿಗ್ ಕಾರ್ಮಿಕರಿಗೂ, ಅಂದರೆ ನೌಕರಿಯಿಲ್ಲದೆ ಒಂದೊಂದು ಕೆಲಸದ ಲೆಕ್ಕದಲ್ಲಿ ದುಡಿಯುವವರಿಗೂ, ಇನ್ನು ಸಾಮಾಜಿಕ ಭದ್ರತೆ ಸಿಗುತ್ತದೆ ಎನ್ನುವುದು. ಅದಕ್ಕೆ ಎರಡು ತಿಂಗಳ ಮುಂಚೆ ಕರ್ನಾಟಕ ಸರ್ಕಾರದ್ದೇ ಒಂದು ಗಿಗ್ ಕಾರ್ಮಿಕರ ಕಾಯ್ದೆ ಬಂದಿತ್ತು. ಒಂದರ ಹಿಂದೆ ಒಂದು ಬಂದ ಈ ಎರಡು ಸುದ್ದಿ ಓದಿದವರಲ್ಲಿ ಡಿಸೈನರ್‌ಗಳೂ ಇದ್ದಾರೆ. ಕಲಬುರಗಿಯಲ್ಲಿ ಮನೆಯ ಒಂದು ಕೋಣೆಯಲ್ಲೋ ಬಾಡಿಗೆ ಮಳಿಗೆಯಲ್ಲೋ ಕಂಪ್ಯೂಟರ್ ಇಟ್ಟುಕೊಂಡು ಲೋಗೊ, ಲಗ್ನಪತ್ರಿಕೆ, ಬೇಳೆ ಪ್ಯಾಕೆಟ್, ಕರಪತ್ರ ಮಾಡಿಕೊಡುವವರು. ಯಾರ ಹತ್ತಿರವೂ ಸಂಬಳಕ್ಕಿಲ್ಲ. ಅವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಸಹಜವೇ: ನಾವೂ ಗಿಗ್ ಕಾರ್ಮಿಕರಾ? ಕೆಲಸ ನಿಂತರೆ ನಮಗೂ ಏನಾದರೂ ಸಿಗುತ್ತಾ?

ಬಹುಪಾಲು ಜನರಿಗೆ ಉತ್ತರ, ಇಲ್ಲ. ಈ ಹೊಸ ಕಾನೂನುಗಳು ಹುಡುಕುವುದು ಕೆಲಸಗಾರನಿಗೂ ಗಿರಾಕಿಗೂ ನಡುವೆ ನಿಂತ ಕಂಪನಿಯನ್ನು, ಅಂದರೆ ಒಂದು ಆ್ಯಪ್‌ ಅನ್ನು. ಕಲಬುರಗಿಯ ಡಿಸೈನರ್ ಮತ್ತು ಅವರ ಪಾರ್ಟಿಯ (ಗಿರಾಕಿಯ) ನಡುವೆ ಯಾವ ಆ್ಯಪೂ ಇಲ್ಲ. ಆದರೆ ಅವರಿಗೆ ನಿಜವಾಗಿ ಹೊಂದುವ ಇನ್ನೊಂದು ಕಾನೂನು, ಸಣ್ಣ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006ರಿಂದಲೇ ಇದೆ. ಅದು ಕೆಲಸದ ಭದ್ರತೆಯ ಮಾತಾಡುವುದಿಲ್ಲ, ದುಡಿದ ರೊಕ್ಕ ಕೈಗೆ ಬರುವ ಮಾತಾಡುತ್ತದೆ. ವ್ಯಾಪಾರ ಕುಗ್ಗಿದ ವರ್ಷದಲ್ಲಿ ಮೊದಲು ಬೇಕಾಗುವುದು ಅದೇ.

ಇಲ್ಲಿ ಡಿಸೈನ್ ಕೆಲಸ ಹೇಗೆ ನಡೆಯುತ್ತದೆ

ಈ ಕೆಲಸಕ್ಕೆ ಒಂದು ವರ್ಷದ ಸುತ್ತು ಇದೆ. ತೊಗರಿ ರಾಶಿಯಾಗಿ ಮಾರುಕಟ್ಟೆಗೆ ಬಂದಾಗ ದಾಲ್ ಮಿಲ್‌ಗಳ ಪ್ಯಾಕೆಟ್, ಚೀಲದ ಡಿಸೈನ್, ಬೀಜ-ಗೊಬ್ಬರದ ಅಂಗಡಿಗಳ ಕ್ಯಾಲೆಂಡರ್. ಹೋಳಿ ಮುಗಿದು ಕೆಲವೇ ದಿನಕ್ಕೆ ಶರಣಬಸವೇಶ್ವರ ಜಾತ್ರೆ, ಅದರ ಬ್ಯಾನರ್. ಬೇಸಿಗೆಯಲ್ಲಿ ಲಗ್ನಪತ್ರಿಕೆ, ಅದರ ಬೆನ್ನಿಗೇ ಶಾಲೆ, ಕೋಚಿಂಗ್ ಸೆಂಟರ್‌ಗಳ ಅಡ್ಮಿಷನ್ ಕರಪತ್ರ. ದಸರಾ, ದೀಪಾವಳಿಗೆ ಬಟ್ಟೆ ಮತ್ತು ಮೊಬೈಲ್ ಅಂಗಡಿಗಳ ಆಫರ್. ಚುನಾವಣೆ ಬಂದರೆ ಅದು ಬೋನಸ್ ಇದ್ದ ಹಾಗೆ. ಆದರೆ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಆ ಚುನಾವಣೆಗಳು ವರ್ಷಗಟ್ಟಲೆ ಮುಂದಕ್ಕೆ ಹೋದವು. ಅಷ್ಟು ವರ್ಷ ಆ ಬೋನಸ್ಸೂ ಇಲ್ಲ.

ಆರ್ಡರ್ ಬರುವುದು ಹೆಚ್ಚಾಗಿ ವಾಟ್ಸ್‌ಆ್ಯಪ್‌ನಲ್ಲಿ. ಕೈಯಲ್ಲಿ ಬರೆದ ಚೀಟಿಯ ಫೋಟೊ, ಅದರ ಕೆಳಗೆ ಒಂದು ವಾಯ್ಸ್ ಮೆಸೇಜು. ಡಿಸೈನರ್ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ, ಕೋರಲ್‌ಡ್ರಾದಲ್ಲಿ ಕೂಡಿಸಿ, ಜೆಪಿಜಿ ಕಳಿಸುತ್ತಾರೆ. ಆಮೇಲೆ ಹೆಸರಿನ ಮುಂದೆ ಶ್ರೀ ಹಾಕಿ, ಫೋಟೊ ದೊಡ್ಡದು ಮಾಡಿ, ಬಣ್ಣ ಬದಲಿಸಿ ಎಂದು ನಾಲ್ಕೈದು ಸುತ್ತು. ಕೊನೆಗೆ 'ಓಪನ್ ಫೈಲ್ ಕಳಿಸ್ರಿ' ಎಂಬ ಮಾತು, ಅಂದರೆ ಯಾರು ಬೇಕಾದರೂ ತಿದ್ದಬಹುದಾದ ಮೂಲ ಫೈಲ್. ಫೈಲ್ ಹೋದ ಮೇಲೆ ರೊಕ್ಕದ ಮಾತು. ದರ ಫೋನಿನಲ್ಲಿ ಬಾಯಿಮಾತಿಗೆ ಠರಾವಾಗಿರುತ್ತದೆ. ಹಳೆಯ ಪಾರ್ಟಿ ಆದರೆ ಲೆಕ್ಕ ಉದ್ರಿ, ಎರಡು-ಮೂರು ಕೆಲಸ ಕೂಡಿಸಿ ಒಮ್ಮೆ ಕೊಡುವುದು. ಒಳ್ಳೆಯ ವರ್ಷದಲ್ಲಿ ಈ ಪದ್ಧತಿ ಸಲೀಸಾಗಿ ನಡೆಯುತ್ತದೆ. ಕೆಟ್ಟ ವರ್ಷದಲ್ಲಿ ಇದೇ ಪದ್ಧತಿ ಡಿಸೈನರ್ ಕುತ್ತಿಗೆಗೆ ಬರುತ್ತದೆ.

ಇನ್ನೊಂದು ಗುಂಪೂ ಇದೆ. ಇವರು ಫೈವರ್, ಅಪ್‌ವರ್ಕ್‌ನಂಥ ವೆಬ್‌ಸೈಟ್‌ಗಳಲ್ಲಿ ಹೊರಗಿನ ಗಿರಾಕಿಗಳಿಗೆ ಕೆಲಸ ಮಾಡುವವರು. ಫೈವರ್ ಅವರ ಗಳಿಕೆಯಲ್ಲಿ ಶೇ 20 ಮುರಿದುಕೊಳ್ಳುತ್ತದೆ. ಹಾಗೇ ಮೂರನೆಯ ಗುಂಪು, ಪ್ರಿಂಟಿಂಗ್ ಪ್ರೆಸ್ ಅಥವಾ ಫ್ಲೆಕ್ಸ್ ಅಂಗಡಿಯಲ್ಲಿ ದಿನವಿಡೀ ಕೂತು ಪೀಸ್ ಲೆಕ್ಕದಲ್ಲಿ ಮಾಡುವವರು. ಮೂವರನ್ನೂ ನಾವು ಫ್ರೀಲ್ಯಾನ್ಸ್ ಅಂತಲೇ ಕರೆಯುತ್ತೇವೆ. ಕಾನೂನಿನ ಕಣ್ಣಿಗೆ ಮೂವರೂ ಬೇರೆ ಬೇರೆ. ಗೊಂದಲ ಹುಟ್ಟುವುದೇ ಇಲ್ಲಿ.

ದೇಶದ ಅಂಕಿ ಏರಿದೆ, ಇಲ್ಲಿ ಯಾಕೆ ಮಂದ?

2025ರ ಜುಲೈ-ಸೆಪ್ಟೆಂಬರ್ ಅವಧಿಯಲ್ಲಿ ದೇಶದ ಜಿಡಿಪಿ ಶೇ 8.2ರಷ್ಟು ಬೆಳೆಯಿತು ಎಂದು ಆಗಿನ ಸರ್ಕಾರಿ ಅಂಕಿಅಂಶ ಹೇಳಿತು. ಹಾಗಿದ್ದ ಮೇಲೆ ಮಾರುಕಟ್ಟೆ ಮಂದ ಎನ್ನುವುದು ಸುಮ್ನೆ ಹೇಳುವ ಮಾತಾ? ಅಲ್ಲ. ಕಲಬುರಗಿ ಜಿಲ್ಲೆಯ ವ್ಯಾಪಾರ ನಿಂತಿರುವುದು ತೊಗರಿಯ ಮೇಲೆ. 2024ರ ಮಧ್ಯದಲ್ಲಿ ಕ್ವಿಂಟಲ್‌ಗೆ ಹತ್ತು ಸಾವಿರ ರೂಪಾಯಿ ದಾಟಿದ್ದ ತೊಗರಿ, ಮುಂದಿನ ರಾಶಿಯ ಹೊತ್ತಿಗೆ ಜಾರಿತು. ಆಗ 7,550 ರೂಪಾಯಿ ಬೆಂಬಲ ಬೆಲೆಗೆ ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ ಕೊಳ್ಳಬೇಕಾಯಿತು. ಅದಾದ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಮಳೆ ಮತ್ತು ಭೀಮಾ ನದಿಯ ಪ್ರವಾಹ ಕಲಬುರಗಿ, ಯಾದಗಿರಿ, ಬೀದರ್, ವಿಜಯಪುರ ಜಿಲ್ಲೆಗಳ ಹೊಲಗಳನ್ನು ಮುಳುಗಿಸಿತು. ಬೆಳೆ ಕಳೆದುಕೊಂಡವರಿಗೆ ಸರ್ಕಾರ ಮಾಮೂಲಿ ಪರಿಹಾರದ ಮೇಲೆ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿ ಘೋಷಿಸಿತು.

ಹೊಲದ ನಷ್ಟ ಡಿಸೈನರ್ ಮೇಜಿನ ತನಕ ಹೇಗೆ ಬರುತ್ತದೆ? ರೈತನ ಕೈ ಖಾಲಿಯಾದರೆ ಆಳಂದ, ಜೇವರ್ಗಿ, ಅಫಜಲಪುರದಿಂದ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರ್‌ಗೆ ಖರೀದಿಗೆ ಬರುವವರು ಕಡಿಮೆಯಾಗುತ್ತಾರೆ. ಅಂಗಡಿಯವರು ಬಾಡಿಗೆ ನಿಲ್ಲಿಸಲಾರರು, ಕರೆಂಟ್ ಬಿಲ್ ನಿಲ್ಲಿಸಲಾರರು, ಹುಡುಗರ ಸಂಬಳವನ್ನೂ ತಕ್ಷಣ ನಿಲ್ಲಿಸಲಾರರು. ಯಾರನ್ನೂ ಕೇಳದೆ ಇವತ್ತೇ ನಿಲ್ಲಿಸಬಹುದಾದ ಖರ್ಚು ಜಾಹೀರಾತು. ಹೊಸ ಕರಪತ್ರ ಬೇಡ, ಹೋದ ವರ್ಷದ್ದರಲ್ಲೇ ತಾರೀಕು ಬದಲಿಸಿ ಎನ್ನುತ್ತಾರೆ. ಹೀಗೆ ಡಿಸೈನರ್‌ಗೆ ಪೆಟ್ಟು ಎಲ್ಲರಿಗಿಂತ ಮೊದಲು ಬೀಳುತ್ತದೆ.

ಎರಡನೆಯ ಪೆಟ್ಟು ಇನ್ನೂ ಜೋರು. ಮಾಡಿದ ಕೆಲಸದ ಬಾಕಿ ಮುಂದಕ್ಕೆ ಹೋಗುತ್ತದೆ. ದಾಲ್ ಮಿಲ್‌ನವರಿಗೆ ವ್ಯಾಪಾರಿ ಕೊಟ್ಟಿಲ್ಲ, ಮಿಲ್‌ನವರು ಪ್ರೆಸ್‌ಗೆ ಕೊಟ್ಟಿಲ್ಲ, ಪ್ರೆಸ್‌ನವರು ಡಿಸೈನರ್‌ಗೆ ಕೊಟ್ಟಿಲ್ಲ. 'ಈ ಸಲ ಸೀಜನ್ ಛಲೋ ಇಲ್ರಿ, ಮುಂದಿನ ತಿಂಗಳ ಕೂಡಿಸಿ ಕೊಡ್ತೀನ್ರಿ' ಎಂಬ ಮಾತಿನಲ್ಲಿ ಸುಳ್ಳಿಲ್ಲದೆ ಇರಬಹುದು. ಆದರೆ ಸರಪಳಿಯ ತುದಿಯಲ್ಲಿ ಇರುವವರಿಗೆ ಮುಂದಕ್ಕೆ ತಳ್ಳಲು ಇನ್ಯಾರೂ ಇರುವುದಿಲ್ಲ. ಡಿಸೈನರ್ ತನ್ನ ಮನೆಬಾಡಿಗೆಯನ್ನು ಉದ್ರಿ ಹೇಳಲಾರರು.

ಕೆಲಸ ಕಡಿಮೆ, ಕೈಗಳು ಜಾಸ್ತಿ

ಗಿರಾಕಿ ಕುಗ್ಗುವ ಹೊತ್ತಿಗೇ ಕೆಲಸ ಮಾಡುವವರು ಹೆಚ್ಚುತ್ತಾರೆ. ಮಂದಗತಿಯ ಗುಣವೇ ಅದು. 2025ರ ಜುಲೈನಲ್ಲಿ ಟಿಸಿಎಸ್ ಒಂದೇ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ 12,000 ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಬೆಂಗಳೂರು, ಹೈದರಾಬಾದ್‌ನಲ್ಲಿ ಕೆಲಸ ಹೋದವರು, ಹೊಸ ನೇಮಕ ಸಿಗದ ಹುಡುಗರು ಲ್ಯಾಪ್‌ಟಾಪ್ ಹಿಡಿದು ಊರಿಗೆ ಮರಳಿದಾಗ ಕೈಗೆ ಸುಲಭವಾಗಿ ಸಿಗುವ ದಾರಿಗಳಲ್ಲಿ ಫ್ರೀಲ್ಯಾನ್ಸ್ ಒಂದು. ಊರಿನಲ್ಲೇ ಎಂಎಂಕೆ ದೃಶ್ಯಕಲಾ ಕಾಲೇಜಿನಂಥ ಸಂಸ್ಥೆಗಳಿಂದ ಕಲಿತು ಹೊರಬರುವವರೂ ಇದ್ದಾರೆ. ಈ ನೆಲಕ್ಕೆ ವಾಣಿಜ್ಯ ಕಲೆ ಹೊಸದೇನಲ್ಲ. ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರಗಳಿಂದ ದೇಶಕ್ಕೆಲ್ಲ ಪರಿಚಿತರಾದ ಎಸ್.ಎಂ. ಪಂಡಿತ್ 1916ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಕೆಲಸಕ್ಕೆ ಮಾತ್ರ ಅವರು ಮುಂಬೈಗೆ ಹೋಗಬೇಕಾಯಿತು.

ಇದರ ಜೊತೆಗೆ ಕ್ಯಾನ್ವಾ ಎಂಬ ಡಿಸೈನ್ ಆ್ಯಪ್ ಬಂತು, ಚಿತ್ರ ಬರೆದುಕೊಡುವ ಎಐ ಬಂತು. ಹುಟ್ಟುಹಬ್ಬದ ಬ್ಯಾನರ್, ಹಬ್ಬದ ಶುಭಾಶಯದಂಥ ಸಣ್ಣ ಕೆಲಸಗಳನ್ನು ಅಂಗಡಿಯವರೇ ಮೊಬೈಲ್‌ನಲ್ಲಿ ಮಾಡಿಕೊಳ್ಳಬಹುದು. ಕನ್ನಡ ಅಕ್ಷರ ಬಂದಾಗ ಎಐ ಇನ್ನೂ ಎಡವುತ್ತದೆ. ಒತ್ತಕ್ಷರ ಜಾಗ ತಪ್ಪುತ್ತದೆ, ಅರ್ಕಾವೊತ್ತು ಎಲ್ಲೋ ತೇಲುತ್ತದೆ. ಲಗ್ನಪತ್ರಿಕೆಯಲ್ಲಿ ಮನೆತನದ ಹೆಸರು ಹಾಗೆ ಅಚ್ಚಾದರೆ ಯಾರೂ ಒಪ್ಪುವುದಿಲ್ಲ. ಈ ಒಂದು ಕಾರಣಕ್ಕೆ ಕನ್ನಡ ಬಲ್ಲ ಡಿಸೈನರ್‌ಗೆ ಇನ್ನೂ ಸ್ವಲ್ಪ ಕಾಲಾವಕಾಶ ಇದೆ. ಆದರೆ ಅದನ್ನೇ ನಂಬಿ ಕೂರುವ ಹಾಗಿಲ್ಲ, ಆ ದೋಷ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.

ಸಂಹಿತೆಗಳು ಯಾರಿಗೆ ಏನು ಕೊಡುತ್ತವೆ

ಹೊಸ ಸಂಹಿತೆಗಳಲ್ಲಿ ಗಟ್ಟಿ ಹಕ್ಕುಗಳು ಇರುವುದು ನೌಕರರಿಗೆ. ನೇಮಕಾತಿ ಪತ್ರ ಕಡ್ಡಾಯ. ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನಗಳಲ್ಲಿ ವೇತನ ಚುಕ್ತಾ ಆಗಬೇಕು. ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ. ಇವೆಲ್ಲ ಮಾಲೀಕ-ನೌಕರ ಸಂಬಂಧ ಇದ್ದಾಗ ಮಾತ್ರ. ಸ್ವತಂತ್ರವಾಗಿ ಕೆಲಸ ಮಾಡುವ ಡಿಸೈನರ್‌ಗೆ ಇವುಗಳಲ್ಲಿ ಒಂದೂ ಅನ್ವಯಿಸುವುದಿಲ್ಲ. ಪಾರ್ಟಿ ಆತನನ್ನು ಕೈಬಿಟ್ಟರೆ ಅದಕ್ಕೆ ಕಾನೂನಿನಲ್ಲಿ ವಜಾ ಎಂಬ ಹೆಸರೇ ಇಲ್ಲ.

ಇನ್ನು ಗಿಗ್ ಕಾರ್ಮಿಕ. ಸಾಮಾಜಿಕ ಭದ್ರತಾ ಸಂಹಿತೆ ಕೊಡುವ ವ್ಯಾಖ್ಯೆ ತುಂಬಾ ಅಗಲ: ಸಾಂಪ್ರದಾಯಿಕ ಮಾಲೀಕ-ನೌಕರ ಸಂಬಂಧದ ಹೊರಗೆ ದುಡಿದು ಗಳಿಸುವವರು. ಇದಷ್ಟನ್ನೇ ಓದಿದರೆ ಡಿಸೈನರ್ ಒಳಗೆ ಬಂದೇ ಬಿಟ್ಟರು ಅನ್ನಿಸುತ್ತದೆ. ಆದರೆ ಯೋಜನೆಗಳಿಗೆ ಹಣ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಅದರ ಮುಖ್ಯ ಮೂಲ ಅಗ್ರಿಗೇಟರ್ ಕಂಪನಿಗಳು, ಅಂದರೆ ಕೆಲಸಗಾರನನ್ನೂ ಗಿರಾಕಿಯನ್ನೂ ಕೂಡಿಸುವ ಆ್ಯಪ್ ಕಂಪನಿಗಳು. ಅವು ವಾರ್ಷಿಕ ವಹಿವಾಟಿನ ಶೇ 1ರಿಂದ 2ರಷ್ಟು ಕೊಡಬೇಕು, ಆದರೆ ಗಿಗ್ ಮತ್ತು ಪ್ಲಾಟ್‌ಫಾರ್ಮ್ ಕಾರ್ಮಿಕರಿಗೆ ಪಾವತಿಸುವ ಮೊತ್ತದ ಶೇ 5 ಮೀರುವ ಹಾಗಿಲ್ಲ. ಅರ್ಹತೆಯನ್ನೂ ಅಗ್ರಿಗೇಟರ್ ಲೆಕ್ಕದಲ್ಲೇ ಅಳೆಯುತ್ತಾರೆ. 2025ರ ಡಿಸೆಂಬರ್ ಕೊನೆಯಲ್ಲಿ ಕೇಂದ್ರ ಹೊರಡಿಸಿದ ಕರಡು ನಿಯಮದ ಪ್ರಕಾರ, ಒಂದು ಹಣಕಾಸು ವರ್ಷದಲ್ಲಿ ಒಂದೇ ಅಗ್ರಿಗೇಟರ್ ಜೊತೆ 90 ದಿನ, ಅಥವಾ ಹಲವು ಅಗ್ರಿಗೇಟರ್‌ಗಳ ಜೊತೆ 120 ದಿನ ದುಡಿದಿರಬೇಕು. ದಾಲ್ ಮಿಲ್ ಅಗ್ರಿಗೇಟರ್ ಅಲ್ಲ. ಶಾಲೆಯೂ ಅಲ್ಲ. ಅಂದ ಮೇಲೆ ಆ 90 ದಿನ ಎಣಿಸುವವರು ಯಾರು?

ರಾಜ್ಯದ ಕಾಯ್ದೆಯೂ ಇದೇ ಹಾದಿಯದು. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಆಗಸ್ಟ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದು, ಸೆಪ್ಟೆಂಬರ್‌ನಲ್ಲಿ ಕಾಯ್ದೆಯಾಯಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಹೋಗುವ ಮೊತ್ತದ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಕಾರಣ ತಿಳಿಸದೆ ಕಾರ್ಮಿಕನ ಆ್ಯಪ್ ಐಡಿ ಬಂದ್ ಮಾಡುವ ಹಾಗಿಲ್ಲ, 14 ದಿನ ಮೊದಲೇ ಲಿಖಿತ ನೋಟಿಸ್ ಕೊಡಬೇಕು. ಊಟ ತಲುಪಿಸುವವರಿಗೆ, ಕ್ಯಾಬ್ ಚಾಲಕರಿಗೆ ಇದು ನಿಜಕ್ಕೂ ದೊಡ್ಡ ಹೆಜ್ಜೆ. ಕಾಯ್ದೆಯ ಪಟ್ಟಿಯಲ್ಲಿ ವೃತ್ತಿಪರ ಸೇವೆ, ಕಂಟೆಂಟ್ ಮತ್ತು ಮಾಧ್ಯಮ ಸೇವೆಗಳೂ ಇವೆ. ಹಾಗಾಗಿ ವೆಬ್‌ಸೈಟ್ ಮೂಲಕ ಕೆಲಸ ಹಿಡಿಯುವ ಎರಡನೆಯ ಗುಂಪಿನ ಡಿಸೈನರ್‌ಗಳಿಗೆ ಇಲ್ಲೊಂದು ಬಾಗಿಲು ತೆರೆದಿದೆ. ಕೇಂದ್ರ ಕಚೇರಿ ಹೊರದೇಶದಲ್ಲಿರುವ ಕಂಪನಿಗಳಿಂದ ಶುಲ್ಕ ವಸೂಲಿ ಮಾಡುವುದು ಮಾತ್ರ ಸುಲಭದ ಕೆಲಸವಲ್ಲ.

ಪ್ರೆಸ್‌ನಲ್ಲಿ ಕೂತು ಮಾಡುವವರ ಕಥೆ ಬೇರೆ

ಮೂರನೆಯ ಗುಂಪಿಗೆ ಯಾರೂ ಹೇಳದ ಒಂದು ಸಂಗತಿ ಇದೆ. ಬೆಳಿಗ್ಗೆ ಹತ್ತಕ್ಕೆ ಬಂದು ರಾತ್ರಿ ಎಂಟರ ತನಕ ಅಂಗಡಿಯ ಕಂಪ್ಯೂಟರ್‌ನಲ್ಲೇ ಕೆಲಸ, ಮಾಲೀಕರು ಹೇಳಿದ್ದನ್ನೇ ಮಾಡಬೇಕು, ಸರಿಯಿಲ್ಲ ಎಂದರೆ ಮತ್ತೆ ಮಾಡಬೇಕು. ಹಣ ಮಾತ್ರ ಪೀಸ್ ಲೆಕ್ಕ. ಹೀಗಿದ್ದಾಗ ಫ್ರೀಲ್ಯಾನ್ಸ್ ಎಂದು ಹೆಸರಿಟ್ಟ ಮಾತ್ರಕ್ಕೆ ಅವರು ಸ್ವತಂತ್ರರು ಆಗುವುದಿಲ್ಲ. ಸುಪ್ರೀಂ ಕೋರ್ಟ್ 1973ರಲ್ಲಿ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ ಇದೇ ಪ್ರಶ್ನೆ ನೋಡಿತ್ತು. ಅದೂ ಪಕ್ಕದ ಸಿಕಂದರಾಬಾದ್‌ನ ದರ್ಜಿ ಅಂಗಡಿಯದು. ಅಲ್ಲಿನ ದರ್ಜಿಗಳಿಗೆ ಪೀಸ್ ಲೆಕ್ಕದಲ್ಲಿ ಕೂಲಿ, ಕೆಲವರು ಬಟ್ಟೆ ಮನೆಗೂ ಒಯ್ಯುತ್ತಿದ್ದರು. ಆದರೆ ಹೊಲಿಗೆ ಯಂತ್ರ ಅಂಗಡಿಯದು, ಸರಿಯಿಲ್ಲ ಎಂದು ತಿರಸ್ಕರಿಸುವ ಅಧಿಕಾರವೂ ಅಂಗಡಿಯದು. ಹಾಗಾಗಿ ಅವರು ನೌಕರರೇ ಎಂದು ಕೋರ್ಟ್ ಹೇಳಿತು.

ಹೊಲಿಗೆ ಯಂತ್ರದ ಜಾಗದಲ್ಲಿ ಕಂಪ್ಯೂಟರ್ ಇಟ್ಟು ನೋಡಿ. ಅಂಗಡಿಯಲ್ಲೇ ಕೂತು ಮಾಡುವ ಡಿಸೈನರ್ ಕನಿಷ್ಠ ವೇತನ ಕೇಳಬಹುದು, ನೇಮಕಾತಿ ಪತ್ರ ಕೇಳಬಹುದು. ಇಲ್ಲಿ ಒಂದು ಮಿತಿಯನ್ನೂ ಹೇಳಬೇಕು. ಸಾಮಾನ್ಯವಾಗಿ ಇಎಸ್‌ಐ ಅನ್ವಯವಾಗಲು ಸಂಸ್ಥೆಯಲ್ಲಿ 10 ಜನ, ಪಿಎಫ್‌ಗೆ 20 ಜನ ಇರಬೇಕು. ಮೂರು-ನಾಲ್ಕು ಜನರ ಪ್ರೆಸ್‌ನಲ್ಲಿ ಇವೆರಡೂ ಬರುವುದಿಲ್ಲ.

ಯಾರ ವಾದ ಏನು

ಕಾರ್ಮಿಕ ಸಂಘಟನೆಗಳ ಕಡೆಯವರು ಕೇಳುವುದು, ದುಡಿಯುವವರೆಲ್ಲರಿಗೂ ಭದ್ರತೆ ಇರಲಿ, ಅದು ಯಾವ ಆ್ಯಪ್, ಯಾವ ಮಾಲೀಕ ಎಂಬುದರ ಮೇಲೆ ನಿಲ್ಲದಿರಲಿ ಎಂದು. ಉದ್ಯಮದ ಕಡೆಯವರು, ಪ್ರತಿ ವಹಿವಾಟಿಗೂ ಶುಲ್ಕ ಹಾಕಿದರೆ ದರ ಏರುತ್ತದೆ, ಮಂದಗತಿಯಲ್ಲಿ ಇರುವ ಕೆಲಸವೂ ಹೋಗುತ್ತದೆ ಎನ್ನುತ್ತಾರೆ. ಈ ಭಯದಲ್ಲಿ ಹುರುಳಿದೆ, ಆದರೆ ಅದು ದೊಡ್ಡ ಆ್ಯಪ್ ಕಂಪನಿಗಳಿಗೆ ಹೊಂದುವ ವಾದ. ನಾಲ್ಕು ಸಾವಿರ ರೂಪಾಯಿಯ ಬ್ರೋಷರ್ ಮಾಡಿಸುವ ಶಾಲೆಗೆ ನೂರಿನ್ನೂರು ರೂಪಾಯಿ ಶುಲ್ಕ ಭಾರವೇನಲ್ಲ. ಅಲ್ಲಿನ ಕಷ್ಟ, ವಸೂಲಿ ಮಾಡುವವರು ಯಾರು ಎಂಬುದು. ಮೂರನೆಯ ವಾದ ಡಿಸೈನರ್‌ಗಳದ್ದೇ. ಒಬ್ಬ ಮಾಲೀಕನ ಕೈಕೆಳಗೆ ಬೇಡ ಎಂದೇ ಹಲವರು ಈ ದಾರಿ ಹಿಡಿದಿದ್ದಾರೆ. ಅವರು ನೌಕರನ ಸ್ಥಾನ ಕೇಳುತ್ತಿಲ್ಲ. ಹೇಳಿದ ದಿನಕ್ಕೆ ಹಣ ಬರಲಿ, ಕೆಟ್ಟ ವರ್ಷದಲ್ಲಿ ಆಸ್ಪತ್ರೆ ಖರ್ಚಿಗೆ ಒಂದು ಆಸರೆ ಇರಲಿ ಅಂತಷ್ಟೇ.

ಜರ್ಮನಿಯಲ್ಲಿ 1983ರಿಂದ ಇದಕ್ಕೊಂದು ದಾರಿ ಇದೆ. ಸ್ವತಂತ್ರ ಕಲಾವಿದರು, ಬರಹಗಾರರು, ಡಿಸೈನರ್‌ಗಳಿಗೆ ವಿಮೆ ಮತ್ತು ಪಿಂಚಣಿಯ ವಂತಿಗೆಯಲ್ಲಿ ಅರ್ಧ ಅವರದು. ಉಳಿದ ಅರ್ಧದಲ್ಲಿ ಒಂದು ಪಾಲು ಸರ್ಕಾರದ್ದು, ಇನ್ನೊಂದು ಪಾಲು ಅವರಿಂದ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಗಳದ್ದು. ಅಲ್ಲಿ ನಡುವೆ ಆ್ಯಪ್ ಇದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಕೆಲಸ ಮಾಡಿಸಿದವರು ಕಟ್ಟಬೇಕು. ನಮ್ಮ ಎರಡೂ ಕಾನೂನು ಈ ಒಂದು ಹೆಜ್ಜೆ ಮುಂದೆ ಹೋಗಿಲ್ಲ.

2006ರ ಕಾಯ್ದೆ ಏನು ಹೇಳುತ್ತದೆ

ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಎಂದರೆ ಫ್ಯಾಕ್ಟರಿಗಳ ವಿಷಯ ಎಂದು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಆದರೆ ಅದರಲ್ಲಿ ಸೇವೆ ಕೊಡುವವರೂ ಬರುತ್ತಾರೆ. ಒಬ್ಬರೇ ನಡೆಸುವ ಡಿಸೈನ್ ಕೆಲಸವೂ ಒಂದು ಸೂಕ್ಷ್ಮ ಉದ್ಯಮ. ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಆಧಾರ್ ಮತ್ತು ಪ್ಯಾನ್ ಕೊಟ್ಟು ನೋಂದಾಯಿಸಬಹುದು. ಕಾಸು ಖರ್ಚಿಲ್ಲ. (ಹಣ ಕೇಳುವ, ಸರ್ಕಾರದ್ದೇ ಎಂಬಂತೆ ಕಾಣುವ ಖಾಸಗಿ ವೆಬ್‌ಸೈಟ್‌ಗಳೂ ಇವೆ. ಅವುಗಳಿಂದ ದೂರ ಇರಬೇಕು.) ಸೇವೆಗಳ ವಹಿವಾಟು ವರ್ಷಕ್ಕೆ 20 ಲಕ್ಷದ ಒಳಗಿದ್ದು ಜಿಎಸ್‌ಟಿ ನೋಂದಣಿ ಬೇಕಿಲ್ಲದವರು ಜಿಎಸ್‌ಟಿ ನಂಬರ್ ಇಲ್ಲದೆಯೇ ಮಾಡಿಸಿಕೊಳ್ಳಬಹುದು. ಗೊತ್ತಾಗದಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಬಹುದು.

ನೋಂದಣಿ ಆದ ಮೇಲೆ ಏನು ಬದಲಾಗುತ್ತದೆ? ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ದಾಲ್ ಮಿಲ್‌ಗೆ ಮೂರು ಅಳತೆಯ ಪ್ಯಾಕೆಟ್ ಡಿಸೈನ್, ಒಟ್ಟು 18,000 ರೂಪಾಯಿ. ಫೈಲ್ ಜನವರಿ 5ಕ್ಕೆ ಕೊಟ್ಟಾಯಿತು. ಮಿಲ್‌ನವರು 15 ದಿನದೊಳಗೆ ಬರಹದಲ್ಲಿ ತಕರಾರು ಹೇಳದಿದ್ದರೆ, ಫೈಲ್ ಕೊಟ್ಟ ದಿನವೇ ಕೆಲಸ ಒಪ್ಪಿಕೊಂಡಂತೆ ಎಂದು ಕಾಯ್ದೆ ಎಣಿಸುತ್ತದೆ. ತಿಂಗಳಾದ ಮೇಲೆ 'ಬಣ್ಣ ಸರಿ ಬಂದಿಲ್ಲ' ಎಂದು ಬಾಕಿ ತಡೆಯುವುದಕ್ಕೆ ಇದು ಉತ್ತರ. ಹಣ ಕೊಡುವ ದಿನದ ಬಗ್ಗೆ ಬರಹದ ಒಪ್ಪಂದ ಇಲ್ಲದಿದ್ದರೆ, ಒಪ್ಪಿಕೊಂಡ ದಿನದಿಂದ 15 ದಿನದಲ್ಲಿ ಕೊಡಬೇಕು. ಒಪ್ಪಂದ ಇದ್ದರೂ 45 ದಿನ ದಾಟುವ ಹಾಗಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. 2025ರ ಡಿಸೆಂಬರ್‌ನಲ್ಲಿ ನಿಗದಿಯಾದ ಬ್ಯಾಂಕ್ ದರ ಶೇ 5.50. ಮೂರು ಪಟ್ಟು ಎಂದರೆ ಶೇ 16.5. ಆರು ತಿಂಗಳು ತಡವಾದರೆ ಆ 18,000ಕ್ಕೆ ಸುಮಾರು 1,500 ರೂಪಾಯಿ ಬಡ್ಡಿ ಬೀಳುತ್ತದೆ.

ಮೊತ್ತ ಸಣ್ಣದೇ. ನಿಜವಾದ ಬಿಸಿ ಇರುವುದು ಬೇರೆ ಕಡೆ. 2024ರ ಏಪ್ರಿಲ್ 1ರಿಂದ ಜಾರಿಯಾದ ಆದಾಯ ತೆರಿಗೆ ನಿಯಮದ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಬಾಕಿಯನ್ನು ಈ ಗಡುವಿನೊಳಗೆ ಕೊಡದಿದ್ದರೆ ಖರೀದಿದಾರರು ಆ ಖರ್ಚನ್ನು ಆ ವರ್ಷದ ಲೆಕ್ಕದಲ್ಲಿ ಕಳೆಯಲಾಗದು, ನಿಜವಾಗಿ ಹಣ ಕೊಟ್ಟ ವರ್ಷದಲ್ಲೇ ಕಳೆಯಬೇಕು. ಹಾಗಾಗಿ ಮಾರ್ಚ್ ಹತ್ತಿರ ಬಂದಾಗ ಮಿಲ್‌ನ ಲೆಕ್ಕಪರಿಶೋಧಕರೇ ಯಾರ ಬಾಕಿ ಉಳಿದಿದೆ ಎಂದು ಕೇಳಬೇಕಾಗುತ್ತದೆ. ಬಿಲ್ ಮೇಲೆ ಉದ್ಯಮ್ ನಂಬರ್ ಅಚ್ಚಾಗಿದ್ದರೆ ಆ ಪ್ರಶ್ನೆ ಡಿಸೈನರ್ ಪರವಾಗಿ ತಾನೇ ಏಳುತ್ತದೆ.

ಅದಕ್ಕೂ ಬಗ್ಗದಿದ್ದರೆ ಇಂಥ ಬಾಕಿಯ ವ್ಯಾಜ್ಯ ನೋಡುವ ಸೌಲಭ್ಯ ಮಂಡಳಿಗೆ ಸರ್ಕಾರದ ಪೋರ್ಟಲ್ ಮೂಲಕ ದೂರು ಕೊಡಬಹುದು. ಮಂಡಳಿ ಮೊದಲು ರಾಜಿ ಮಾಡಿಸಲು ನೋಡುತ್ತದೆ, ಆಗದಿದ್ದರೆ ಮಧ್ಯಸ್ಥಿಕೆಯ (ಆರ್ಬಿಟ್ರೇಷನ್) ತೀರ್ಪು. ಆ ತೀರ್ಪಿನ ವಿರುದ್ಧ ಕೋರ್ಟಿಗೆ ಹೋಗುವ ಖರೀದಿದಾರರು ಮೊದಲು ಮೊತ್ತದ ಶೇ 75 ಠೇವಣಿ ಇಡಬೇಕು. ಕಾಗದದಲ್ಲಿ 90 ದಿನದ ಗಡುವಿದೆ. ವಾಸ್ತವದಲ್ಲಿ ಅದಕ್ಕಿಂತ ಜಾಸ್ತಿ ಹಿಡಿಯುವುದು ಮಾಮೂಲು.

ಒಂದು ಎಚ್ಚರಿಕೆ ಮುಖ್ಯ. ಬಾಕಿ ನಿಂತ ಮೇಲೆ ಓಡಿ ಹೋಗಿ ನೋಂದಾಯಿಸಿದರೆ ಹಳೆಯ ಕೆಲಸಕ್ಕೆ ಇದರ ಬಲ ಸಿಗುವುದು ಕಷ್ಟ. ಒಪ್ಪಂದ ಆದ ದಿನ ನೋಂದಣಿ ಇಲ್ಲದವರು ಈ ಕಾಯ್ದೆಯ ಲಾಭ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಅಂದರೆ ಇದು ಒಳ್ಳೆಯ ದಿನಗಳಲ್ಲೇ ಮಾಡಿಟ್ಟುಕೊಳ್ಳುವ ಕೆಲಸ.

ಹಾಗಾದರೆ ಇದನ್ನು ಯಾಕೆ ಬಳಸುವುದಿಲ್ಲ

ಕಾರಣ ಅಜ್ಞಾನ ಒಂದೇ ಅಲ್ಲ. ಮಿಲ್ ಮಾಲೀಕರು, ಪ್ರೆಸ್‌ನವರು, ಡಿಸೈನರ್, ಎಲ್ಲರೂ ಒಂದೇ ಬಜಾರಿನವರು. ನೋಟಿಸ್ ಕಳಿಸಿದರೆ ಆ ಪಾರ್ಟಿ ಹೋಯಿತು, ಅವರ ಪರಿಚಯದ ಇನ್ನು ನಾಲ್ಕು ಪಾರ್ಟಿಗಳೂ ಹೋಗಬಹುದು. ಕೆಲಸ ಕಡಿಮೆ ಇರುವ ವರ್ಷದಲ್ಲಿ ಈ ಭಯ ಇಮ್ಮಡಿಯಾಗುತ್ತದೆ. ಹಕ್ಕು ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಅದನ್ನು ಕೇಳುವ ಧೈರ್ಯ ಅತಿ ಕಡಿಮೆ ಇರುತ್ತದೆ. ಬೇಡಿಕೆ ಜಾಸ್ತಿ ಇದ್ದಾಗ 'ಅರ್ಧ ಅಡ್ವಾನ್ಸ್ ಕೊಡ್ರಿ' ಎನ್ನುವುದು ಸುಲಭ. ಪಕ್ಕದ ಓಣಿಯಲ್ಲಿ ಅಡ್ವಾನ್ಸ್ ಇಲ್ಲದೆ ಮಾಡುವ ಇನ್ನೊಬ್ಬರು ಕಾದಿರುವಾಗ ಅದು ಕಷ್ಟ. ತೆರಿಗೆ ನಿಯಮಕ್ಕೂ ಒಂದು ಅಡ್ಡ ಪರಿಣಾಮ ಇದೆ. 45 ದಿನದ ತಲೆನೋವೇ ಬೇಡ ಎಂದು ಕೆಲವು ಖರೀದಿದಾರರು ನೋಂದಣಿ ಇಲ್ಲದವರ ಕಡೆ ತಿರುಗಬಹುದು. ಈ ಆತಂಕವನ್ನು ವ್ಯಾಪಾರ ವಲಯದವರು ಆಗಲೇ ಎತ್ತಿದ್ದರು.

ಇನ್ನೊಂದು ಕೊರತೆ ಕಾಗದದ್ದು. ಬಾಯಿಮಾತಿನ ದರ, ಬಿಲ್ಲೇ ಇಲ್ಲದ ಕೆಲಸ ಇಟ್ಟುಕೊಂಡು ಯಾವ ಮಂಡಳಿಯ ಮುಂದೆಯೂ ನಿಲ್ಲಲಾಗದು. ದೊಡ್ಡ ಕರಾರುಪತ್ರವೇ ಬೇಕೆಂದಿಲ್ಲ. ಏನು ಕೆಲಸ, ಎಷ್ಟು ಹಣ, ಎಷ್ಟು ಸಲ ತಿದ್ದುಪಡಿ, ಯಾವ ದಿನ ಪಾವತಿ ಎಂದು ಬರೆದು ಕಳಿಸಿ, ಆ ಕಡೆಯಿಂದ ಒಪ್ಪಿಗೆ ಬಂದ ವಾಟ್ಸ್‌ಆ್ಯಪ್ ಸಂದೇಶವೂ ಸಾಕ್ಷಿಗೆ ನೆರವಾಗುತ್ತದೆ. ಚ್ಯಾಟ್ ಅಳಿಸದೆ ಇಟ್ಟುಕೊಂಡಿರಬೇಕು ಅಷ್ಟೇ.

ಓಪನ್ ಫೈಲ್‌ನ ವಿಷಯದಲ್ಲೂ ಡಿಸೈನರ್‌ಗಳು ತಮ್ಮ ಬಲವನ್ನು ಸುಮ್ನೆ ಬಿಟ್ಟುಕೊಡುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಬಳದ ನೌಕರ ಕೆಲಸದ ಭಾಗವಾಗಿ ಮಾಡಿದ್ದರ ಹಕ್ಕು ಸಾಮಾನ್ಯವಾಗಿ ಮಾಲೀಕರದ್ದು. ಸ್ವತಂತ್ರ ಡಿಸೈನರ್ ಮಾಡಿದ ಲೋಗೊ, ಪ್ಯಾಕೆಟ್ ವಿನ್ಯಾಸದ ಮೊದಲ ಹಕ್ಕು ಸಾಮಾನ್ಯವಾಗಿ ಡಿಸೈನರ್‌ದ್ದೇ. ಬರಹದಲ್ಲಿ, ಸಹಿ ಹಾಕಿ ಬಿಟ್ಟುಕೊಟ್ಟರೆ ಮಾತ್ರ ಅದು ಪೂರ್ತಿ ಕೈ ಬದಲಾಗುತ್ತದೆ. ಫೋಟೊ, ಬರೆಸಿಕೊಂಡ ಚಿತ್ರಗಳಿಗೆ ನಿಯಮ ಬೇರೆ. ಹಾಗಾಗಿ 'ಪೂರ್ತಿ ಹಣ ಬಂದ ಮೇಲೆ ಓಪನ್ ಫೈಲ್ ಮತ್ತು ಹಕ್ಕು' ಎಂದು ಮೊದಲ ಸಂದೇಶದಲ್ಲೇ ಬರೆಯುವುದು ಉದ್ಧಟತನವಲ್ಲ. ಮಂಡಳಿ, ಕೋರ್ಟು ಯಾವುದೂ ಇಲ್ಲದೆ ಕೆಲಸ ಮಾಡುವ ಭದ್ರತೆ ಇದು.

ಮುಂದೆ ಏನಾಗಬಹುದು

ಇದ್ದದ್ದು ಇದ್ದ ಹಾಗೇ ಮುಂದುವರಿದರೆ ಪರಿಣಾಮ ಊಹಿಸುವುದು ಕಷ್ಟವಲ್ಲ. ದರ ಇಳಿಸಿ ಕೆಲಸ ಹಿಡಿಯುವ ಪೈಪೋಟಿ ಹೆಚ್ಚುತ್ತದೆ. ಆರು ತಿಂಗಳ ಖರ್ಚು ಕೂಡಿಟ್ಟವರು, ಮನೆಯಲ್ಲಿ ಇನ್ನೊಬ್ಬರ ಸಂಬಳ ಇರುವವರು ಉಳಿಯುತ್ತಾರೆ. ಕೈ ಚಳಕ ಇದ್ದೂ ಉಳಿತಾಯ ಇಲ್ಲದವರು ಈ ಕಸುಬು ಬಿಟ್ಟು ಹೋಗುತ್ತಾರೆ, ಇಲ್ಲವೇ ಪುಣೆ, ಹೈದರಾಬಾದ್ ಬಸ್ಸು ಹತ್ತುತ್ತಾರೆ. ಮುಂದೊಂದು ಒಳ್ಳೆಯ ತೊಗರಿ ವರ್ಷ ಬಂದಾಗ ಮಿಲ್‌ಗಳಿಗೆ ಪ್ಯಾಕೆಟ್ ಡಿಸೈನ್ ಬೇಕಾಗುತ್ತದೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲೇ ಭೌಗೋಳಿಕ ಸೂಚಕದ ಮಾನ್ಯತೆ ಬಂದಿದೆ. ಆ ಹೆಸರನ್ನು ಹೊರ ರಾಜ್ಯದ ಅಂಗಡಿಯ ಕಪಾಟಿನಲ್ಲಿ ಎದ್ದು ಕಾಣುವಂತೆ ಮಾಡುವ ಕೆಲಸಕ್ಕೆ ಊರಿನ ಕೈಗಳೇ ಇಲ್ಲದಿದ್ದರೆ, ಆ ಹಣ ಹೊರಗಿನ ಏಜೆನ್ಸಿಗಳಿಗೆ ಹೋಗುತ್ತದೆ.

ಸಣ್ಣ ಆಸರೆಗಳು ಇಲ್ಲವೆಂದಲ್ಲ. ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ, 436 ರೂಪಾಯಿಗೆ 2 ಲಕ್ಷದ ಜೀವ ವಿಮೆ ಬ್ಯಾಂಕ್ ಖಾತೆಯ ಮೂಲಕವೇ ಸಿಗುತ್ತವೆ. ತಿಂಗಳಿಗೆ 15,000 ರೂಪಾಯಿಯ ಒಳಗೆ ಗಳಿಸುವ, 18ರಿಂದ 40 ವರ್ಷದೊಳಗಿನವರಿಗೆ ಶ್ರಮ ಯೋಗಿ ಮಾನಧನ್ ಯೋಜನೆಯಲ್ಲಿ 60ರ ನಂತರ 3,000 ರೂಪಾಯಿ ಪಿಂಚಣಿ ಇದೆ. ಆದರೆ ಇವು ಸಾವು, ಅಪಘಾತ, ಮುಪ್ಪಿಗೆ. ಮುಂದಿನ ತಿಂಗಳ ಬಾಡಿಗೆಗೆ ಅಲ್ಲ.

ಹೊಸ ಕಾನೂನು ಬರೆಯದೆಯೂ ಸರ್ಕಾರ ಮಾಡಬಹುದಾದ ಕೆಲಸ ಇದೆ. ಜಿಲ್ಲಾ ಕೈಗಾರಿಕಾ ಕೇಂದ್ರ ಕಲಾ ಕಾಲೇಜುಗಳಲ್ಲಿ, ಪ್ರೆಸ್‌ಗಳು ಹೆಚ್ಚಿರುವ ಓಣಿಗಳಲ್ಲಿ ಉದ್ಯಮ್ ನೋಂದಣಿ ಶಿಬಿರ ನಡೆಸಬಹುದು. ಹತ್ತು-ಇಪ್ಪತ್ತು ಸಾವಿರದ ಸಣ್ಣ ಬಾಕಿಗಳ ವಿಚಾರಣೆಯನ್ನು ವಿಡಿಯೊ ಮೂಲಕ ಬೇಗ ಮುಗಿಸುವ ಏರ್ಪಾಡು ಮಾಡಬಹುದು. ಡಿಸೈನ್ ಮಾಡಿಸುವ ಸರ್ಕಾರಿ ಇಲಾಖೆಗಳು, ವಿಶ್ವವಿದ್ಯಾಲಯಗಳು ತಾವೇ ಮೊದಲು 45 ದಿನದ ಗಡುವು ಪಾಲಿಸಬಹುದು, ಕಾಯ್ದೆ ಅವರಿಗೂ ಅನ್ವಯಿಸುತ್ತದೆ ಅಲ್ವಾ? ಡಿಸೈನರ್‌ಗಳ ಕಡೆಯಿಂದ ಆಗಬೇಕಾದದ್ದು, ಇಪ್ಪತ್ತು-ಮೂವತ್ತು ಜನ ಕೂಡಿ ಅರ್ಧ ಅಡ್ವಾನ್ಸ್ ಇಲ್ಲದೆ ಫೈಲ್ ತೆರೆಯುವುದಿಲ್ಲ ಎಂದು ಒಂದೇ ಮಾತಿಗೆ ಬರುವುದು. ಒಬ್ಬರೇ ಹೇಳಿದರೆ ಪಾರ್ಟಿ ಪಕ್ಕದ ಮಳಿಗೆಗೆ ಹೋಗುತ್ತಾರೆ. ಎಲ್ಲರೂ ಹೇಳಿದರೆ ಅಡ್ವಾನ್ಸ್ ಬಜಾರಿನ ರೂಢಿಯಾಗುತ್ತದೆ.